ಕಾರಿನ ಮನೆಯ ಡ್ರೈವರ್

ಹೊನ್ನಾವರ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾವ ರಿಕ್ಷಾದವನನ್ನು ಬೇಕಾದರೂ ಕೇಳಿ. ‘ಕಾರಿನ ಮನೆ’ ಅಂದರೆ ಸಾಕು, ಮರುಮಾತಿಲ್ಲದೆ ಹತ್ತಿಸಿಕೊಂಡು ಹೊಳೆದಂಡೆಯ ರಸ್ತೆ ಹಿಡಿಯುತ್ತಾನೆ. ಅವನು ತಂದು ಇಳಿಸುವುದು ನಮ್ಮ ಮನೆಯೆದುರು. ಅಂಗಳದಲ್ಲಿ ನಿಮಗೆ ಒಣಗಲು ಹಾಕಿದ ಕಾಯಿಹೋಳು ಕಾಣುತ್ತದೆ, ಹಗ್ಗದ ಮೇಲೆ ಅಪ್ಪನ ಪಂಚೆ ಕಾಣುತ್ತದೆ, ಕೋಳಿಗಳು ಕಾಣುತ್ತವೆ, ಸ್ಟ್ಯಾಂಡು ಮುರಿದು ಗೋಡೆಗೆ ಒರಗಿದ ನನ್ನ ಮೊಪೆಡ್ಡೂ ಕಾಣುತ್ತದೆ. ಕಾರು ಮಾತ್ರ ಕಾಣುವುದಿಲ್ಲ. ಕಾರೆಲ್ಲಿ ಎಂದು ಬಾಯಿ ತಪ್ಪಿ ಕೇಳಿದವರಿಗೆ ಒಂದು ಕಾಲದಲ್ಲಿ ಅಪ್ಪ ಗೋಡೆಯಿಂದ ಫೋಟೊ ಇಳಿಸಿ ತರುತ್ತಿದ್ದ. ಆಮೇಲೆ ಅವರ ಬಸ್ಸು ತಪ್ಪಿತೆಂದೇ ಲೆಕ್ಕ.

ಆ ಫೋಟೊ ನಮ್ಮ ಜಗಲಿಯ ಗೋಡೆಯಲ್ಲಿ, ದೇವರ ಪಟಗಳಿಗಿಂತ ಒಂದು ಗೇಣು ಮೇಲೆ ಇತ್ತು. ಅದರಲ್ಲಿರುವುದು ಇದೇ ಅಂಗಳ. ಅಂಗಳದಲ್ಲಿ ಒಂದು ಕಾರು. ಕಾರು ಎಂದು ನಂಬಬೇಕು, ಯಾಕೆಂದರೆ ಅದರ ಮುಂದೆ ನಮ್ಮ ವಂಶವೆಲ್ಲ ಅಡ್ಡ ನಿಂತಿದೆ. ನಟ್ಟನಡುವೆ ಅಜ್ಜ, ಎಲ್ಲಿಂದಲೋ ತಂದ ಕೋಟು ತೊಟ್ಟು, ಬಾನೆಟ್ಟಿನ ಮೇಲೆ ಕೈಯಿಟ್ಟಿದ್ದಾನೆ. ಎಮ್ಮೆಯ ಬೆನ್ನು ಸವರುವವನ ಹಾಗೆ ಕಾಣುತ್ತಾನೆ. ಪಕ್ಕದಲ್ಲಿ ಅಜ್ಜಿ, ಅವಳ ಸೊಂಟದಲ್ಲಿ ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡ ಕೂಸು. ಆ ಕೂಸೇ ನಮ್ಮಪ್ಪ. ಉಳಿದವರು ಅಜ್ಜನ ತಮ್ಮಂದಿರು, ಅವರ ಹೆಂಡಿರು, ಫೋಟೊ ತೆಗೆಯುತ್ತಾರೆಂದು ಕೇಳಿ ಗದ್ದೆಯಿಂದ ಕೆಸರುಗಾಲಲ್ಲೇ ಓಡಿಬಂದ ನೆರೆಯವರು. ಇಷ್ಟು ಜನರ ಮೊಣಕೈ, ಮೊಣಕಾಲುಗಳ ಸಂದಿಯಲ್ಲಿ ಒಂದು ಮಡ್ಗಾರ್ಡು, ಅರ್ಧ ಹೆಡ್‌ಲೈಟು, ಮೂತಿಯ ತುದಿಯಲ್ಲಿ ಏನೋ ಒಂದು ಗುಬುಟು ಮತ್ತು ಡ್ರೈವರ್ ಕಡೆಯ ಕಿಟಕಿ ಕಾಣುತ್ತವೆ. ಕಿಟಕಿಯೊಳಗೆ ಮಸುಕುಮಸುಕಾಗಿ ಯಾರೋ ಕೂತಿದ್ದಾರೆ.

‘ಅದು ನಮ್ಮ ಡ್ರೈವರ,’ ಅನ್ನುತ್ತಿದ್ದ ಅಪ್ಪ. ‘ನಿನ್ನ ಅಜ್ಜ ಇಟ್ಕಂಡಿದ್ದ. ಬಾಳ ನಂಬಿಕಸ್ಥ ಅಂಬ್ರು. ಕೂತ್ರೆ ಸೀಟು ಬಿಟ್ಟು ಏಳ್ತಿರ್ಲಿಲ್ಲಂತೆ.’

‘ಹೆಸ್ರೆಂತ ಅಪ್ಪ?’

‘ಹೆಸ್ರು ಯಾರಿಗ್ ನೆನಪದೆ? ಡ್ರೈವರ ಅಂದ್ರೆ ಡ್ರೈವರ.’

ಅಷ್ಟು ನಂಬಿಕಸ್ಥ ಡ್ರೈವರನನ್ನೂ ಕಾರನ್ನೂ ಅಜ್ಜ ಏನು ಮಾಡಿದ ಎಂದು ಕೇಳಿದರೆ, ‘ಬೇಜಾರು ಬಂತು, ಕೊಟ್ಬಿಟ್ಟ,’ ಎಂದು ಮಾತು ಮುಗಿಯುತ್ತಿತ್ತು. ಹಳೇ ಲುಂಗಿಯನ್ನೂ ಕೊಡದೆ ಕೈ ಒರೆಸುವ ಬಟ್ಟೆ ಮಾಡಿಕೊಳ್ಳುವ ನಮ್ಮ ಮನೆಯಲ್ಲಿ ಕಾರಿಗೆ ಬೇಜಾರು ಬಂದವರಿದ್ದರು ಎಂಬುದನ್ನು ನಾನು ಎಷ್ಟೋ ವರ್ಷ ನಂಬಿದ್ದೆ.

ಹೆಸರು ಇದ್ದರೆ ಸುಖ ಎಂದುಕೊಳ್ಳಬೇಡಿ. ಶಾಲೆಗೆ ತಡವಾಗಿ ಹೋದರೆ ನಮ್ಮ ಮಾಸ್ತರರು, ‘ಎಂತದೋ ಕಾರಿನ ಮನೆಯವ, ಪಂಕ್ಚರ್ ಆಯ್ತನಾ?’ ಅನ್ನುತ್ತಿದ್ದರು. ಅಡಿಕೆ ಹಾಳೆಯ ಮೇಲೆ ಕೂತು ಗೆಳೆಯರಿಂದ ಎಳೆಸಿಕೊಳ್ಳುವ ಆಟದಲ್ಲಿ ಯಾವಾಗಲೂ ಎಳೆಯುವ ಸರದಿ ನನ್ನದೇ. ‘ನಿಂಗೆ ಮನೆಲೇ ಕಾರದೆ, ನಿಂಗೆಂತಕೆ ಹಾಳೆ?’ ಎಂಬ ನ್ಯಾಯ. ಹಾಗೆ ಕಾರಿಲ್ಲದ ಕಾರಿನ ಮನೆಯಿಂದ ನಡೆದುಕೊಂಡೇ ಶಾಲೆ ಮುಗಿಸಿ, ಕಾಲೇಜು ಮುಗಿಸಿ, ಹೈಸ್ಕೂಲಿನ ಗಣಿತದ ಮಾಸ್ತರನಾದೆ. ಅಪ್ಪನಂತೂ ಕಚೇರಿಯೊಂದರ ಜವಾನನಾಗಿ, ಕಾಗದಪತ್ರಗಳ ಚೀಲ ಸೈಕಲ್ಲಿಗೆ ಸಿಕ್ಕಿಸಿಕೊಂಡು, ತಾಲೂಕನ್ನೆಲ್ಲ ತುಳಿದು ಸವೆಸಿದ. ಸಾಹೇಬರ ಜೀಪಿನ ಹಿಂದಿನ ಸೀಟಿನಲ್ಲೂ ಅವನು ಕೂತವನಲ್ಲ. ಆದರೆ ಯಾರಾದರೂ ‘ನೀವು ಯಾರ ಪೈಕಿ?’ ಎಂದು ಕೇಳಿದರೆ ಸೈಕಲ್ಲಿನಿಂದ ಇಳಿದು, ಬೆನ್ನು ನೆಟ್ಟಗೆ ಮಾಡಿ, ‘ಕಾರಿನ ಮನೆ,’ ಅನ್ನುತ್ತಿದ್ದ. ಆ ಮಾತೊಂದೇ ಅವನ ಆಸ್ತಿ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಮುಂದೆ ನಾನು ಅದನ್ನೇ ಕಳೆಯಲು ಹೊರಟವ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಬಸ್ ಸ್ಟ್ಯಾಂಡಿನ ಎದುರಿನ ಪ್ರಭುಗಳ ಫೋಟೊ ಸ್ಟುಡಿಯೋಕ್ಕೆ ಕಂಪ್ಯೂಟರು ಬಂತು, ಸ್ಕ್ಯಾನರು ಬಂತು. ಊರವರೆಲ್ಲ ಗೆದ್ದಲು ತಿಂದ ಅಜ್ಜ ಅಜ್ಜಿಯರನ್ನು ಹೊತ್ತು ತರತೊಡಗಿದರು. ಕಿವಿ ಹೋದವರಿಗೆ ಕಿವಿ, ಮೂಗು ಹೋದವರಿಗೆ ಮೂಗು ಕೂರಿಸಿ, ದೊಡ್ಡದು ಮಾಡಿ, ಬಣ್ಣ ಹಾಕಿ ಕೊಡುವುದು ಪ್ರಭುಗಳ ಹೊಸ ಉದ್ಯೋಗ. ಯಾರದೋ ಅಜ್ಜಿಗೆ ಇನ್ಯಾರದೋ ಅಜ್ಜಿಯ ಮೂಗುತಿ ಹೋದದ್ದೂ ಉಂಟು. ಮನೆಯವರು ನೋಡಿ, ‘ಇದು ಎಲ್ಲಿಟ್ಟಿದ್ಲು ಮಾರಾಯ್ರೆ, ನಮಗೆ ಸಿಗ್ಲೇ ಇಲ್ಲ,’ ಎಂದು ಪೆಟ್ಟಿಗೆಯೆಲ್ಲ ಹುಡುಕಿದರಂತೆ.

ಸಂಜೆ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಕೆಳಗಡೆ ವಾಚಿನ ಅಂಗಡಿ ಇಟ್ಟಿದ್ದ ಭಟ್ಕಳದ ಜಬ್ಬಾರ್ ಸಾಹೇಬರು ಬಾಗಿಲು ಅರ್ಧ ಎಳೆದು ಮೇಲೆ ಬರುತ್ತಿದ್ದರು. ದಿನಾ ಭಟ್ಕಳದಿಂದ ಬಿಳಿ ಮಾರುತಿ ಕಾರಿನಲ್ಲಿ ಬಂದು ಹೋಗುವವರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ವಾಚು ರಿಪೇರಿಯ ಗಾಜನ್ನು ಕಿಸೆಯಲ್ಲೇ ಇಟ್ಟುಕೊಂಡಿರುತ್ತಿದ್ದರು. ಹೀಗೆ ಮೂವರು ಸೇರಿ ಒಂದು ಆಟ ಹುಟ್ಟಿತು. ಹಳೇ ಫೋಟೊದಲ್ಲಿ ಎಲ್ಲಾದರೂ ಕಾರಿದ್ದರೆ ಪ್ರಭುಗಳು ಉಳಿದದ್ದನ್ನೆಲ್ಲ ಒಂದು ರಟ್ಟಿನಿಂದ ಮುಚ್ಚಿ ಕಾರಿನ ಚೂರನ್ನು ಮಾತ್ರ ತೋರಿಸುವುದು, ನಾವು ಅದು ಯಾವ ಕಾರು ಎಂದು ಹೇಳುವುದು. ಗೆದ್ದವನಿಗೆ ಕೆಂಪು ಮಕಮಲ್ಲಿನ ಪೋಸ್ ಕುರ್ಚಿಯಲ್ಲಿ ಕೂರುವ ಹಕ್ಕು. ಸೋತವರಿಗೆ ಗೋಡೆ ಬದಿಯ ಬೆಂಚು. ನಗಬೇಡಿ, ಆ ಕುರ್ಚಿಯಲ್ಲಿ ಕೂತು ಚಾ ಕುಡಿದರೆ ಅದರ ರುಚಿಯೇ ಬೇರೆ.

ಆಟ ಸುಲಭವಲ್ಲ. ನಮ್ಮ ಕರಾವಳಿಯಲ್ಲಿ ಕಾರಿನ ಫೋಟೊ ಎಂದರೆ ಕಾರಿನ ಎದುರು ನಿಂತ ನೆಂಟರ ಫೋಟೊ. ಮದುವೆಯ ದಿಬ್ಬಣದ ಕಾರಾದರೆ ಅಬ್ಬಲಿಗೆ, ಸಿಂಗಾರ, ಮಾವಿನ ತೋರಣ ಎಲ್ಲ ಸೇರಿ ಅದೊಂದು ನಡೆದಾಡುವ ಮಂಟಪ. ಅದರೊಳಗೆ ಕಾರಿದೆ ಎಂಬುದಕ್ಕೆ ನಾಲ್ಕು ಚಕ್ರವೇ ಸಾಕ್ಷಿ. ಜತೆಗೆ, ಫೋಟೊದಲ್ಲಿ ಯಾರು ಬಾನೆಟ್ಟಿನ ಮೇಲೆ ಕೈಯಿಟ್ಟಿದ್ದಾರೋ ಕಾರು ಅವರದೇ ಎಂಬುದು ನಮ್ಮಲ್ಲಿ ಬರೆಯದ ಕಾನೂನು. ಕುಮಟೆಯ ಪೇಟೆಯಲ್ಲಿ ನಿಂತ ಯಾರದೋ ಕಾರಿನ ಮೇಲೆ ಕೈಯಿಟ್ಟು ಮೂರು ಮನೆಯವರು ಬೇರೆ ಬೇರೆಯಾಗಿ ತೆಗೆಸಿಕೊಂಡ ಫೋಟೊಗಳು ಪ್ರಭುಗಳ ಬಳಿ ಒಂದೇ ವಾರದಲ್ಲಿ ಬಂದವು. ಮೂರೂ ಮನೆಯವರು ‘ನಮ್ಮದು’ ಎಂದೇ ಹೇಳಿ ಹೋದರು.

ಕಾರಿನ ಮನೆಯವನಾದ್ದರಿಂದ ನನಗೆ ಈ ವಿದ್ಯೆ ರಕ್ತದಲ್ಲೇ ಬಂದಿರಬೇಕು ಎಂದು ನನ್ನ ಭಾವನೆ. ಒಮ್ಮೆ ರಟ್ಟಿನ ಕಿಂಡಿಯಲ್ಲಿ ದುಂಡಗೆ, ಫಳಫಳ ಹೊಳೆಯುವ ಒಂದು ಭಾಗ ಕಂಡಿತು. ‘ಸ್ಟುಡಿಬೇಕರ್! ಹೆಡ್‌ಲೈಟು ನೋಡಿಯೇ ಹೇಳ್ತೆ,’ ಎಂದು ಕೂಗಿದೆ. ಕೂಗಿದ್ದಷ್ಟೇ ಅಲ್ಲ, ಎದ್ದು ಹೋಗಿ ಪೋಸ್ ಕುರ್ಚಿಯಲ್ಲಿ ಕೂತೂಬಿಟ್ಟೆ. ಪ್ರಭುಗಳು ನಿಧಾನಕ್ಕೆ ರಟ್ಟು ಸರಿಸಿದರು. ಮದುಮಗಳಿಗೆ ತವರಿನವರು ಕೊಟ್ಟ ತಾಮ್ರದ ಹಂಡೆ. ಕಾರು ಅದರ ಆಚೆಗಿತ್ತು. ಅಲ್ಲಿಂದ ಮುಂದೆ ನಾನು ಏನು ಹೇಳಿದರೂ ಜಬ್ಬಾರ್ ಸಾಹೇಬರು, ‘ಮಾಸ್ತರ್ರೆ, ಇದ್ರಾಗೆ ಸ್ನಾನಕ್ಕೆ ನೀರು ಕಾಯ್ತದಾ?’ ಎಂದು ಕೇಳುತ್ತಿದ್ದರು.

ಈ ಮರ್ಯಾದೆ ಮರಳಿ ಪಡೆಯುವುದಕ್ಕೆ ಒಂದು ಅವಕಾಶ ಬಂತು. ಅಪ್ಪ ನಿವೃತ್ತನಾಗಿ ಬಂದವನೇ ಮನೆಗೊಂದು ಗೇಟು ಮಾಡಿಸುವ ಹುಚ್ಚು ಹಿಡಿಸಿಕೊಂಡ. ಎರಡು ಸಿಮೆಂಟಿನ ಕಂಬ, ಒಂದರ ಮೇಲೆ ಕಲ್ಲು, ಕಲ್ಲಿನಲ್ಲಿ ‘ಕಾರಿನ ಮನೆ’ ಎಂದು ಕೆತ್ತಿಸುವುದು. ಜಗಲಿಯಲ್ಲಿ ಅಜ್ಜನ ಫೋಟೊ ದೊಡ್ಡದಾಗಿ, ಬಂದವರಿಗೆ ಗೇಟಿನಿಂದಲೇ ಕಾಣುವಷ್ಟು ದೊಡ್ಡದಾಗಿ ಇರಬೇಕು. ಅವನೇ ಅದನ್ನು ಗೋಡೆಯಿಂದ ಇಳಿಸಿ, ತೊಳೆದ ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ.

‘ಪ್ರಭುಗಳಿಗೆ ಹೇಳು, ಡ್ರೈವರನ ಮುಖ ಸಮಾ ಕಾಣ್ಬೇಕು. ಪಾಪ, ಅವನೂ ಮನೆಯವನೇಯ.’

ನಾನು ಸ್ಟುಡಿಯೋಕ್ಕೆ ಹೋದವನು ಮೊದಲು ಆಟಕ್ಕೇ ಇಟ್ಟೆ. ಅಪ್ಪ ಹೇಳಿದಂತೆ ಅದು ಹಿಲ್‌ಮನ್ ಎಂಬುದು ನನಗೊಬ್ಬನಿಗೇ ಗೊತ್ತು, ಉಳಿದವರಿಗೆ ಗೊತ್ತಾಗುವ ಸಂಭವವಿಲ್ಲ. ರಟ್ಟು ಹಿಡಿದು ಮಡ್ಗಾರ್ಡೂ ಮೂತಿಯ ತುದಿಯೂ ಮಾತ್ರ ಕಾಣುವಂತೆ ಮಾಡಿದೆ. ಪ್ರಭುಗಳು ‘ಆಸ್ಟಿನ್’ ಅಂದರು. ಜಬ್ಬಾರ್ ಸಾಹೇಬರು ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದವರು ಏಳಲೇ ಇಲ್ಲ. ನಾನು ಪೋಸ್ ಕುರ್ಚಿಯ ಕಡೆ ಒಂದು ಕಾಲು ಇಟ್ಟಿದ್ದೆ.

‘ಅರೆ ಮಾಸ್ತರ್ರೆ,’ ಅಂದರು ಅವರು, ಬಗ್ಗಿದಲ್ಲಿಂದಲೇ. ‘ಇದ್ಕೆ ಕಂಪನಿ ಹೆಸ್ರು ಎಂತಕ್ಕೆ? ಇದು ನಮ್ಮ ಅಜ್ಜನ ಗಾಡಿ.’

‘ಅದು ಹೆಂಗೆ? ಕೈಯಿಟ್ಟದ್ದು ನಮ್ಮಜ್ಜ!’

‘ಕೈ ನಿಮ್ಮದು, ಮುಚ್ಚಳ ನಮ್ಮದು. ಈ ಮೂತಿ ಮೇಲಿನ ಗುಬುಟು ನೋಡಿ. ಇದು ನಮ್ಮ ಅಜ್ಜಿಯ ಚಾ ಕೆಟ್ಲಿಯ ಮುಚ್ಚಳ.’

ಅವರು ಬೆಂಚಿನ ಮೇಲೆ ಕೂತು ಹೇಳಿದ ಕತೆ ಇಷ್ಟು. ಶರಾವತಿಗೆ ಸೇತುವೆ ಆಗುವ ಮೊದಲು ಭಟ್ಕಳದಿಂದ ಕುಮಟೆಗೆ ಹೋಗುವ ಗಾಡಿಗಳು ಕಾಸರಕೋಡಿನ ದಡಕ್ಕೆ ಬಂದು, ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ಹತ್ತಿ ಹೊನ್ನಾವರದ ಈ ದಡಕ್ಕೆ ದಾಟಬೇಕಿತ್ತು. ಅವರ ಅಜ್ಜನಿಗೆ ಬಟ್ಟೆ ವ್ಯಾಪಾರ, ಒಂದು ಹಳೇ ಕಾರು. ಆ ಕಾರಿನ ರೇಡಿಯೇಟರಿನ ಮುಚ್ಚಳ ದಾರಿಯಲ್ಲಿ ಎಲ್ಲೋ ಬಿದ್ದುಹೋದಾಗ ಅವರು ಮನೆಯ ಹಿತ್ತಾಳೆ ಕೆಟ್ಲಿಯ ಮುಚ್ಚಳ ತಂದು ತಂತಿ ಬಿಗಿದು ಕೂರಿಸಿದರು. ಮೊಗ್ಗಿನಂಥ ಹಿಡಿ, ಅದರದೊಂದು ಎಸಳು ಮುರಿದದ್ದು. ಒಳಗೆ ನೀರು ಕುದಿದರೆ ಮುಚ್ಚಳ ಕಟಕಟ ಅನ್ನುತ್ತಿತ್ತು. ಅಜ್ಜ ಗಾಡಿ ನಿಲ್ಲಿಸಿ, ‘ಚಾ ಆತು, ಎಲ್ಲಾ ಇಳೀರಿ,’ ಅನ್ನುತ್ತಿದ್ದರಂತೆ.

ಒಂದು ವರ್ಷ ಅವರು ಕುಮಟೆಯಿಂದ ಮರಳಿ ಬರುವಷ್ಟರಲ್ಲಿ ಮಳೆ ಹಿಡಿದು ಹೊಳೆ ಕೆಂಪಗೆ ಏರಿಬಿಟ್ಟಿತ್ತು. ಮನುಷ್ಯರನ್ನು ದಾಟಿಸಲು ದೋಣಿಯವರು ಒಪ್ಪಿದರು, ಕಾರನ್ನು ದಾಟಿಸಲು ಯಾರೂ ಒಪ್ಪಲಿಲ್ಲ. ಅಜ್ಜ ದಡದ ಹತ್ತಿರದ ಯಾರದೋ ಮನೆಯಂಗಳದಲ್ಲಿ ಕಾರು ಬಿಟ್ಟು, ‘ಮಳೆ ಮುಗಿದ ಮೇಲೆ ಬತ್ತೆ,’ ಎಂದು ಹೇಳಿ ಊರಿಗೆ ಹೋದರು. ಆ ಅಂಗಳ ಯಾರದೆಂದು ಈಗ ನಾನು ಬಿಡಿಸಿ ಹೇಳಬೇಕಾಗಿಲ್ಲ.

‘ಮಳೆ ಮುಗಿದ ಮೇಲೆ ಗಾಡಿ ಬಂತು,’ ಅಂದರು ಜಬ್ಬಾರ್ ಸಾಹೇಬರು. ‘ಮುಚ್ಚಳ ಬರ್ಲಿಲ್ಲ. ನಮ್ಮ ಅಜ್ಜಿ ಸಾಯೋ ತನಕ ಆ ಮುಚ್ಚಳಕ್ಕೆ ಅತ್ತಳು. ಕೆಟ್ಲಿ ಹಂಗೇ ಬೋಳಾಗಿ ಮನೇಲಿ ಅದೆ. ಇನ್ನೊಂದು ಎಂತ ಅಂದ್ರೆ, ಸೀಟೆಲ್ಲ ಕೋಳಿ ನಾತ. ಇಟ್ಕಂಡವರು ಆಣೆ ಹಾಕಿದ್ರಂತೆ, ಬಾಗಿಲೇ ತೆಗೀಲಿಲ್ಲ ನಾವು ಅಂತ. ಅಜ್ಜಿ ಆ ಗಾಡಿ ಮತ್ತೆ ಹತ್ತಲಿಲ್ಲ. ನಮ್ಮ ಕೇರಿಯವರು ಅದಕ್ಕೆ ಕೋಳಿ ಗಾಡಿ ಅಂತಿದ್ರು.’

‘ಛೆ, ನಮ್ಮಲ್ಲಿ ಕೋಳಿ ಎಲ್ಲಿಂದ,’ ಅಂದೆ. ನಮ್ಮ ಮನೆಯಲ್ಲಿ ಕೋಳಿ ಇಲ್ಲದ ದಿನವನ್ನು ನಾನು ಕಂಡವನಲ್ಲ. ‘ಕಾರಿಗೆ ಡ್ರೈವರೇ ಇದ್ದ. ಬೇಕಾದ್ರೆ ನೋಡಿ, ಕಿಟಕೀಲಿ ಕೂತಿದ್ದಾನೆ.’

‘ನೋಡೇಬಿಡುವ ಮಾಸ್ತರ್ರೆ, ನಿಮ್ಮ ಡ್ರೈವರನ್ನ,’ ಎಂದು ಪ್ರಭುಗಳು ಫೋಟೊವನ್ನು ಸ್ಕ್ಯಾನರಿನಲ್ಲಿ ಇಟ್ಟರು. ಪರದೆಯ ಮೇಲೆ ನಮ್ಮ ವಂಶ ಮೇಲಿನಿಂದ ಕೆಳಗೆ ಇಂಚಿಂಚಾಗಿ ಇಳಿದು ಬಂತು. ಅವರು ಕಿಟಕಿಯನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ಕಲೆ ಒರೆಸಿದರು, ಬೆಳಕು ಏರಿಸಿದರು. ಡ್ರೈವರನ ಮುಖ ಅಪ್ಪ ಬಯಸಿದಂತೆಯೇ ಸಮಾ ಕಂಡಿತು. ಚೊಕ್ಕವಾದ ಕೊಕ್ಕು, ಬದಿಗೆ ವಾಲಿದ ಜುಟ್ಟು, ಯಾರಾದರೂ ಎಬ್ಬಿಸಿದರೆ ಕುಕ್ಕಿಬಿಡುತ್ತೇನೆ ಎಂಬ ಒಂದು ಕಣ್ಣು. ಕಾವಿಗೆ ಕೂತ ಹೇಂಟೆ.

ಸೀಟು ಬಿಟ್ಟು ಏಳುತ್ತಿರಲಿಲ್ಲ ಎಂದು ಅಪ್ಪ ಹೇಳಿದ್ದು ಸುಳ್ಳಲ್ಲ.

ಪ್ರಭುಗಳು ‘ದೇವಾ, ದೇವಾ’ ಅನ್ನುತ್ತ ಹೊಟ್ಟೆ ಹಿಡಿದು ಕೂತರು. ಜಬ್ಬಾರ್ ಸಾಹೇಬರು ಕಣ್ಣೀರು ಒರೆಸಿಕೊಂಡರು, ಅಳುವಿನದಲ್ಲ. ನಾನೂ ನಕ್ಕೆ, ನಗುತ್ತ ನಗುತ್ತಲೇ ಪರದೆಯ ಇನ್ನೊಂದು ಮೂಲೆಯಲ್ಲಿ ಆ ಮುಚ್ಚಳ ಕಂಡಿತು. ಮೊಗ್ಗಿನಂಥ ಹಿಡಿ, ಮುರಿದ ಎಸಳು. ನನ್ನ ನಗು ಅರ್ಧಕ್ಕೇ ನಿಂತಿತು. ಅದನ್ನು ನಾನು ಆ ದಿನ ಬೆಳಿಗ್ಗೆಯಷ್ಟೇ ಮುಟ್ಟಿದ್ದೆ. ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಭರಣಿಯ ಮೇಲೆ ಇರುವುದು ಅದೇ ಮುಚ್ಚಳ.

ಏನು ಮಾಡಲಿ ಹೇಳಿ? ಒಂದೇ ಸಂಜೆಯಲ್ಲಿ ಕಾರು ಹೋಯಿತು, ಡ್ರೈವರ್ ಹೋದ, ಮೇಲೆ ಮುಚ್ಚಳ ಕದ್ದ ಮನೆತನ ಎಂಬ ಬಿರುದು ಬರುವುದೊಂದು ಬಾಕಿ. ಪ್ರಭುಗಳಿಗೆ ನನ್ನ ಮುಖ ನೋಡಿ ಕನಿಕರ ಬಂತು. ‘ಬೇಜಾರು ಮಾಡ್ಬೇಡಿ ಮಾಸ್ತರ್ರೆ. ಕೋಳಿ ತೆಗ್ದು ಒಬ್ಬ ಮನುಷ್ಯನ್ನ ಕೂರಿಸ್ತೆ. ಮೊನ್ನೆ ಬಂದ ಫೋಟೊದಾಗೆ ಒಳ್ಳೇ ಮೀಸೆಯವ ಒಬ್ಬ ಇದ್ದಾನೆ,’ ಅಂದರು. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಜಬ್ಬಾರ್ ಸಾಹೇಬರು ಒಪ್ಪಲಿಲ್ಲ.

‘ಗಾಡಿ ನಮ್ಮದು. ಯಾರ್ಯಾರೋ ಮೀಸೆಯವರನ್ನ ಕೂರಿಸ್ಲಿಕ್ಕೆ ನಾ ಬಿಡೂದಿಲ್ಲ. ಭಾನುವಾರ ನಿಮ್ಮನೆಗೆ ಬತ್ತೆ ಮಾಸ್ತರ್ರೆ. ಅಜ್ಜ ಗಾಡಿ ಬಿಟ್ಟ ಜಾಗ ನೋಡ್ಬೇಕು.’

ಬೇಡ ಎನ್ನುವುದು ಹೇಗೆ? ಬನ್ನಿ ಎಂದು ಬಾಯಲ್ಲಿ ಹೇಳಿ ಮನೆಗೆ ಬಂದೆ. ಅಪ್ಪ ಗೇಟಿನ ಕಂಬಕ್ಕೆ ನೀರು ಹಾಕುತ್ತಿದ್ದ. ‘ಫೋಟೊ ಎಂತ ಆಯ್ತಾ?’ ಎಂದು ಕೇಳಿದ. ‘ಭಾನುವಾರ ಅವ್ರೇ ತರ್ತ್ರು. ಭಟ್ಕಳದ ಸಾಹೇಬ್ರೂ ಬತ್ರು, ಕಾರು ನಿಂತ ಜಾಗ ನೋಡ್ಬೇಕಂತೆ,’ ಅಂದೆ. ಅಪ್ಪನ ಮುಖ ಅರಳಿತು. ಭಟ್ಕಳದಿಂದ ಜನ ನೋಡಲು ಬರುವಷ್ಟು ಹೆಸರು ತನ್ನ ಮನೆಗಿದೆ ಎಂದುಕೊಂಡ. ಆ ಸಂತೋಷ ನೋಡಿ ನಾನು ಹೇಳಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ.

ಭಾನುವಾರ ಬೆಳಿಗ್ಗೆ ಎದ್ದವನೇ ಭರಣಿಯ ಮುಚ್ಚಳ ತೆಗೆದು, ಅಕ್ಕಿಯ ಡಬ್ಬಿಯ ತಳದಲ್ಲಿ ಹುಗಿದಿಟ್ಟೆ. ಭರಣಿಗೆ ಒಂದು ತಟ್ಟೆ ಮುಚ್ಚಿದೆ. ಗಣಿತದ ಮಾಸ್ತರನ ತಲೆಗೆ ಹೊಳೆದ ಉಪಾಯ ಇಷ್ಟೇ.

ಹತ್ತರ ಹೊತ್ತಿಗೆ ಬಿಳಿ ಮಾರುತಿ ನಮ್ಮ ಅಂಗಳಕ್ಕೆ ಬಂತು. ಪ್ರಭುಗಳು ಸುರುಳಿ ಸುತ್ತಿದ ದೊಡ್ಡ ಫೋಟೊವನ್ನು ಕಂಕುಳಲ್ಲಿ ಹಿಡಿದು, ಕುತ್ತಿಗೆಗೆ ಕ್ಯಾಮರಾ ಹಾಕಿಕೊಂಡು ಇಳಿದರು. ನಾನು ಕಣ್ಣಲ್ಲೇ ‘ಬಿಚ್ಚಬೇಡಿ’ ಎಂದು ಬೇಡಿಕೊಂಡೆ. ಜಬ್ಬಾರ್ ಸಾಹೇಬರ ಕೈಯಲ್ಲಿ ಒಂದು ಬಟ್ಟೆಯ ಚೀಲ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ‘ಬರ್ರಿ, ಬರ್ರಿ, ಕೂತ್ಕಳಿ,’ ಎಂದು ಅವರನ್ನು ಜಗಲಿಯಲ್ಲಿ ಕೂರಿಸಿ ಪುರಾಣ ಶುರುಮಾಡಿದ. ನಮ್ಮಪ್ಪನ ಕಾರು, ಹಿಲ್‌ಮನ್ನು, ಇಡೀ ಹೊಳೆಸಾಲಿಗೆ ಇದ್ದದ್ದು ಅದೊಂದೇ, ಡ್ರೈವರನಂತೂ ಬಂಗಾರದಂಥವ. ಕಾರಿನ ನಿಜವಾದ ವಾರಸುದಾರ ಎದುರು ಕೂತು ‘ಹೌದಾ ನಾಯ್ಕ್ರೆ? ಹೌದಾ?’ ಎಂದು ತಲೆದೂಗುತ್ತಿದ್ದರು. ಒಂದು ಮಾತು ಅಡ್ಡ ಹಾಕಲಿಲ್ಲ. ನಾನು ನೆಲ ನೋಡುತ್ತ ಕೂತಿದ್ದೆ.

ಅಷ್ಟರಲ್ಲಿ ಒಳಗಿನಿಂದ ಆಯಿಯ, ಅಂದರೆ ನಮ್ಮಮ್ಮನ ದನಿ. ‘ಏ, ಉಪ್ಪಿನ ಮುಚ್ಚಳ ಯಾರ್ ತೆಗ್ದದ್ದು? ಉಪ್ಪೆಲ್ಲ ನೀರಾಗಿ ಹೋಯ್ತು!’

‘ಯಾವ ಮುಚ್ಚಳೇ?’ ಅಪ್ಪ ಇಲ್ಲಿಂದ ಕೂಗಿದ.

‘ನಮ್ಮ ಹಿತ್ತಾಳೆದು! ಮೊಗ್ಗಿಂದು!’

ಜಬ್ಬಾರ್ ಸಾಹೇಬರು ನನ್ನ ಕಡೆ ತಿರುಗಿದರು, ನಾನು ಅಂಗಳದ ಕಡೆ ತಿರುಗಿದೆ. ಅವರು ಚೀಲದಿಂದ ಒಂದು ಹಿತ್ತಾಳೆ ಕೆಟ್ಲಿ ತೆಗೆದು ಟೀಪಾಯಿಯ ಮೇಲಿಟ್ಟರು. ಹುಣಸೆಹುಳಿ ಹಚ್ಚಿ ತಿಕ್ಕಿ ತಂದಿದ್ದರು, ಲಕಲಕ ಹೊಳೆಯುತ್ತಿತ್ತು. ಬಾಯಿ ಮಾತ್ರ ಬೋಳು. ಅಪ್ಪ ಕೆಟ್ಲಿಯನ್ನು ನೋಡಿದ. ಅದರ ಕೊಂಡಿಯ ಮೇಲೂ ಮೊಗ್ಗು, ಮೂತಿಯ ಬುಡದಲ್ಲೂ ಮೊಗ್ಗು. ಹುಟ್ಟಿದಾಗಿನಿಂದ ದಿನಾ ಉಪ್ಪು ತೆಗೆಯುವಾಗ ಕಂಡ ಮೊಗ್ಗು.

‘ಎಲ್ಲಿಟ್ಟೆಯೋ?’ ಎಂದು ನನ್ನನ್ನು ಕೇಳಿದ. ಅವನಿಗೆ ಹೇಗೆ ಗೊತ್ತಾಯಿತೋ ಗೊತ್ತಿಲ್ಲ, ಮುಖ ನೋಡಿಯೇ ಇರಬೇಕು.

ಅಕ್ಕಿ ಡಬ್ಬಿಗೆ ಕೈ ಹಾಕಿ ತಂದುಕೊಟ್ಟೆ. ಅಂಟಿದ ಅಕ್ಕಿಕಾಳು ಒರೆಸಿ ಅಪ್ಪ ಮುಚ್ಚಳವನ್ನು ಕೆಟ್ಲಿಯ ಬಾಯಿಗೆ ಇಟ್ಟ. ಟಕ್ ಎಂದು ಕೂತಿತು.

‘ಅಂದ್ರೆ ಕಾರು...’ ಅಂದ.

‘ನಮ್ಮಜ್ಜಂದು. ಒಂದು ಮಳೆಗಾಲ ನಿಮ್ಮಲ್ಲಿ ಇತ್ತು.’

ಅಪ್ಪ ಮುಚ್ಚಳವನ್ನು ಎತ್ತಿ ಇನ್ನೊಮ್ಮೆ ಕೂರಿಸಿ ನೋಡಿದ. ಆಮೇಲೆ, ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ, ‘ಡ್ರೈವರ?’ ಎಂದು ಕೇಳಿದ.

ಪ್ರಭುಗಳು ನನ್ನನ್ನು ನೋಡಿದರು. ಇನ್ನು ಮುಚ್ಚಿಡುವುದೇನು ಎಂದು ನಾನು ತಲೆಯಾಡಿಸಿದೆ. ಅವರು ಸುರುಳಿ ಬಿಚ್ಚಿ ಹಿಡಿದರು.

‘ಡ್ರೈವರ ನಿಮ್ದೇ, ನಾಯ್ಕ್ರೆ,’ ಅಂದರು ಜಬ್ಬಾರ್ ಸಾಹೇಬರು.

ಯಾರೂ ನಗಲಿಲ್ಲ. ಅಪ್ಪ ಕನ್ನಡಕ ಏರಿಸಿ, ಇಳಿಸಿ, ಹೇಂಟೆಯನ್ನೇ ನೋಡುತ್ತ ನಿಂತ. ‘ಇಷ್ಟ್ ವರ್ಷ ಊರ್ ತುಂಬ ಹೇಳ್ಕಂಡು ಬಂದೆ,’ ಅಂದ ಮೆಲ್ಲಗೆ. ‘ಹಂಗಾರೆ ನಮ್ಮದು ಕಾರಿನ ಮನೆನೇ ಅಲ್ಲ.’ ಗೇಟಿನ ಕಂಬದ ಕಡೆ ಒಮ್ಮೆ ನೋಡಿದ. ಕಲ್ಲು ಇನ್ನೂ ಕೆತ್ತಿಸಿರಲಿಲ್ಲ. ನನಗೆ ನಿಜವಾಗಿಯೂ ಅಳು ಬಂತು. ಆ ಹಾಳು ಆಟಕ್ಕೆ, ಹಾಳು ಪೋಸ್ ಕುರ್ಚಿಗೆ ಬೆಂಕಿ ಬೀಳಲಿ ಅನಿಸಿತು.

‘ಕಾರಿನ ಮನೆ ಅಲ್ದೆ ಮತ್ತೆಂತದು?’ ಅಂದರು ಜಬ್ಬಾರ್ ಸಾಹೇಬರು, ಸ್ವಲ್ಪ ಸಿಟ್ಟಿನಲ್ಲೇ. ‘ನಮ್ಮಲ್ಲಿ ಗಾಡಿ ಬಿಸಿಲು ಮಳೆ ಅನ್ನದೆ ಓಣಿಯಾಗೆ ಬಿದ್ಕಂಡಿರ್ತಿತ್ತು. ಅದ್ಕೆ ಮನೆ ಅಂತ ಇದ್ದದ್ದು ಇದೊಂದೇ. ನಮ್ಮಜ್ಜ ಹೇಳ್ತಿದ್ರು, ಇಲ್ಲಿಗೆ ಬಂದು ನೋಡಿದ್ರೆ ಗಾಡಿಗೆ ತೆಂಗಿನ ಮಡ್ಲಿನ ಮಾಡು ಕಟ್ಟಿದ್ರಂತೆ. ನಿಮ್ಮ ಕೊಟ್ಟಿಗೆ ಸೋರ್ತಿತ್ತಂತೆ, ಗಾಡಿ ಒಳಗೆ ಒಂದು ಹನಿ ನೀರಿರ್ಲಿಲ್ಲಂತೆ. ಅಜ್ಜಿ ಮುಚ್ಚಳಕ್ಕೆ ಅತ್ತದ್ದು ಹೌದು. ಅಜ್ಜ ಈ ಮನೆಗೆ ಒಂದು ಮಾತು ಆಡ್ಲಿಲ್ಲ.’

ಅಪ್ಪ ಕೇಳುತ್ತಲೇ ಇದ್ದ. ಸೋರುವ ಕೊಟ್ಟಿಗೆಯ ಮಾತು ಬಂದಾಗ ಅವನ ಬೆನ್ನು ಸ್ವಲ್ಪ ನೆಟ್ಟಗಾಯಿತು.

‘ಈಗ ನನ್ನ ಮಾತು ಕೇಳಿ,’ ಎಂದು ಅವರು ಕಿಸೆಯಿಂದ ಕೀಲಿ ತೆಗೆದರು. ‘ಮುಂದಿನ ವಾರ ದುಬೈಗೆ ಹೋಗ್ತೆ, ಮಗಳ ಬಾಣಂತನ. ಬರೂದು ಮಳೆ ಮುಗಿದ ಮೇಲೆಯ. ಭಟ್ಕಳದಾಗೆ ಗಾಡಿ ಇಡ್ಲಿಕ್ಕೆ ಜಾಗ ಇಲ್ಲ, ಪ್ರತಿ ಮಳೆಗೂ ತುಕ್ಕು. ಇಲ್ಲೇ ಬಿಟ್ಟು ಹೋಗ್ಲಾ?’

‘ನನ್ನ ಸಮಾಧಾನಕ್ಕೆ ಹೇಳ್ತ್ರಿ ನೀವು,’ ಅಂದ ಅಪ್ಪ.

‘ಸಮಾಧಾನ ಎಂತದು ಮಾರಾಯ್ರೆ? ಬೇರೆ ಯಾರನ್ನ ನಂಬ್ಲಿ ನಾನು?’

ಅಪ್ಪ ಕೀಲಿ ತೆಗೆದುಕೊಳ್ಳಲಿಲ್ಲ. ಎದ್ದು ಅಂಗಳಕ್ಕೆ ಹೋಗಿ ಮಾರುತಿಗೆ ಒಂದು ಸುತ್ತು ಬಂದ. ಬಾನೆಟ್ಟು ತೆಗೆಸಿದ, ರೇಡಿಯೇಟರಿನ ಮುಚ್ಚಳ ತಿರುಗಿಸಿ ನೋಡಿದ, ಪೆಟ್ರೋಲಿನ ಮುಚ್ಚಳ ಮುಟ್ಟಿ ನೋಡಿದ, ಚಕ್ರದ ಮುಚ್ಚಳಗಳನ್ನು ಕಾಲಿನಿಂದ ತಟ್ಟಿದ. ‘ಇದ್ರ ಮುಚ್ಚಳ ಎಲ್ಲಾ ಈಗ್ಲೇ ಸಮಾ ನೋಡ್ಕಳಿ ಸಾಹೇಬ್ರೆ,’ ಅಂದ. ‘ಮತ್ತೆ ನಿಮ್ಮ ಮೊಮ್ಮಕ್ಳು ಚೀಲ ಹಿಡ್ಕಂಡು ಬಪ್ಪೂದು ಬೇಡ.’ ಆಮೇಲೆಯೇ ಕೀಲಿಗೆ ಕೈ ಚಾಚಿದ.

ಆಯಿ ಅದೇ ಕೆಟ್ಲಿಯಲ್ಲಿ ಚಾ ತಂದಳು. ಮುಚ್ಚಳ ಮುಚ್ಚಿಯೇ ತಂದಳು. ಚಾ ಕುಡಿಯುತ್ತ ಆ ಹಳೇ ಕಾರು ಯಾವ ಕಂಪನಿಯದು ಎಂಬ ಮಾತು ಮತ್ತೆ ಎದ್ದಿತು. ಅಪ್ಪ ಹಿಲ್‌ಮನ್ ಬಿಡಲಿಲ್ಲ. ಜಬ್ಬಾರ್ ಸಾಹೇಬರು ಮೋರಿಸ್ ಎಂದರು, ಆದರೆ ಅಜ್ಜ ಹಾಗೆ ಹೇಳಿದ್ದರೋ ತಾನೇ ಅಂದುಕೊಂಡದ್ದೋ ನೆನಪಿಲ್ಲ ಎಂದರು. ಪ್ರಭುಗಳು ಆಸ್ಟಿನ್ನಿಗೇ ಕಚ್ಚಿಕೊಂಡರು. ಅದು ಇವತ್ತಿಗೂ ತೀರ್ಮಾನವಾಗಿಲ್ಲ. ನಾನು ಬಾಯಿ ಬಿಡಲಿಲ್ಲ, ಬಿಟ್ಟರೆ ಹಂಡೆಯ ಮಾತು ಬರುತ್ತದೆ.

ಹೊರಡುವ ಮೊದಲು ಪ್ರಭುಗಳು ಒಂದು ಫೋಟೊ ತೆಗೆಯುವ ಎಂದರು. ಮಾರುತಿಯ ಮುಂದೆ ನಾವೆಲ್ಲ ನಿಂತೆವು. ಕ್ಯಾಮರಾ ಕಂಡು ಬೇಲಿಯಾಚೆಯವರೂ ಓಡಿಬಂದು ಸೇರಿಕೊಂಡರು, ಕಾರು ಎಂದಿನ ಕ್ರಮದಂತೆ ಮರೆಯಾಯಿತು. ಅಪ್ಪ ನಟ್ಟನಡುವೆ ನಿಂತು ಬಾನೆಟ್ಟಿನ ಮೇಲೆ ಕೈಯಿಡಲು ಹೋದವನು ತಡೆದು, ಜಬ್ಬಾರ್ ಸಾಹೇಬರನ್ನು ನೋಡಿದ. ಅವರು ‘ಇಡಿ, ಇಡಿ,’ ಅಂದರು. ಇಟ್ಟ.

ಪ್ರಭುಗಳು ‘ರೆಡಿ’ ಅಂದರು. ಅಷ್ಟರಲ್ಲಿ ಅಪ್ಪ ‘ತಡೀರಿ, ತಡೀರಿ’ ಎಂದು ಕೂಗಿದ. ಬಿಸಿಲಿಗೆ ಕಾರಿನ ಬಾಗಿಲು ತೆಗೆದೇ ಇಟ್ಟಿದ್ದರು. ಆ ಬಾಗಿಲ ಕೆಳಗೆ ನಮ್ಮ ಕೆಂಪು ಹೇಂಟೆ ಒಂದು ಕಾಲೆತ್ತಿ, ಕುತ್ತಿಗೆ ಕೊಂಕಿಸಿ, ಸೀಟನ್ನೇ ನೋಡುತ್ತ ನಿಂತಿತ್ತು.

‘ಸಾಹೇಬ್ರೆ, ನೀವು ಬಂದು ಡ್ರೈವರ್ ಸೀಟಿನಾಗೆ ಕೂತ್ಕಳಿ,’ ಅಂದ ಅಪ್ಪ. ‘ಇಲ್ದಿದ್ರೆ ಇದು ಕೂತ್ಕಂತದೆ. ಇದು ಕೂತ್ರೆ ಏಳೂದಿಲ್ಲ.’